480 ರೂಪಾಯಿಯ ಗ್ರೀನ್ ಟೀ ಮತ್ತು ಒಂದು ಫ್ಲಾಸ್ಕ್

ಹಾಂ, ಇದು ಬೇಕಲ ಕೋಟೆ. ಕೋಟೆಯನ್ನು ಎಲ್ಲರೂ ತೋರಿಸಿದ್ದಾರೆ, ಬಿಡಿ. ನೀವು ಈ ಫ್ಲಾಸ್ಕ್ ನೋಡಿ. ಮುಚ್ಚಳ ತೆಗೆದೆ... ಬಣ್ಣ ನೋಡಿದಿರಾ? ಇದು ಗ್ರೀನ್ ಟೀ ಅಂತೆ! ಅಜ್ಜಿಯ ಕಷಾಯವೂ ಇಷ್ಟು ಕಪ್ಪಗಿರಲಿಲ್ಲ.

100 ಗ್ರಾಮಿಗೆ 480 ರೂಪಾಯಿ ಕೊಟ್ಟಿದ್ದೇನೆ. ನಾನೂರ ಎಂಬತ್ತು! ಆ ದುಡ್ಡಲ್ಲಿ ಕಾಸರಗೋಡು ಬಸ್‌ಸ್ಟ್ಯಾಂಡ್ ಹತ್ತಿರ ವಾರವಿಡೀ ಚಾಯ, ಗೋಳಿಬಜೆ ಆಗುತ್ತಿತ್ತು. ಬೆಳಗ್ಗೆ ಸೋಸುವಾಗ ಚಂದದ ತಿಳಿ ಹಳದಿ ಇತ್ತು. ಚಂದ್ರಗಿರಿ ಸೇತುವೆ ದಾಟುವಷ್ಟರಲ್ಲಿ ಏನಾಯಿತೋ! ಇಲ್ಲಿಂದಲೇ ಅಂಗಡಿಗೆ ಫೋನ್ ಮಾಡಿದೆ. "ಹಳೇ ಮಾಲು ಕೊಟ್ಟಿದ್ದೀರಿ" ಅಂದೆ. "ಪ್ಯಾಕೆಟ್ ಒಡೆದ ಮೇಲೆ ವಾಪಸ್ ಇಲ್ಲ" ಅಂದರು. ಬುರುಜಿನ ಮೇಲೆ ನಿಂತು ಹತ್ತು ನಿಮಿಷ ಜಗಳ. ಪಕ್ಕದಲ್ಲಿ ಮದುವೆ ಫೋಟೊ ತೆಗೆಸಿಕೊಳ್ಳುತ್ತಿದ್ದ ಜೋಡಿ ಪೋಸ್ ಬಿಟ್ಟು ನನ್ನನ್ನೇ ನೋಡುತ್ತಿತ್ತು. ಆ ಕ್ಲಿಪ್ ಕಟ್ ಮಾಡಿದ್ದೇನೆ, ಕೇಳಬೇಡಿ.

ಈಗ ಬದಿಯಡ್ಕದ ನಮ್ಮ ಮನೆ. ಅಮ್ಮ ಕೇಳಿದ ಮೊದಲ ಮಾತು: "ರಾತ್ರಿ ಫ್ಲಾಸ್ಕಿಗೆ ಸೋಡಾಪುಡಿ ಹಾಕಿಟ್ಟಿದ್ದೆ, ಸರಿ ತೊಳೆದೆ ಅಲ್ವಾ?"

ತೊಳೆದಿರಲಿಲ್ಲ. ಸುಮ್ನೆ ನೀರು ಚೆಲ್ಲಿ ಚಹಾ ಸುರಿದಿದ್ದೆ. ಕೆಮಿಸ್ಟ್ರಿಯಲ್ಲಿ ಬಿಎಸ್ಸಿ ಮಾಡಿದವನು ನಾನು!

ಮೂರು ಗ್ಲಾಸ್ ಕಾಣುತ್ತಿದೆಯಲ್ಲ? ಮೂರರಲ್ಲೂ ಅದೇ ಪ್ಯಾಕೆಟ್ಟಿನ ಟೀ. ನಡುವಿನದಕ್ಕೆ ಚಿಟಿಕೆ ಸೋಡಾ, ಬಲಗಡೆಯದಕ್ಕೆ ಲಿಂಬೆ. ನಡುವಿನದು ಕಂದು ತಿರುಗುವುದನ್ನು ನೋಡುತ್ತಾ ಇರಿ. ಚಹಾದ ಎಲೆಯಲ್ಲಿ ಪಾಲಿಫಿನಾಲ್ ಅಂತ ಇರುತ್ತದೆ. ಗ್ರೀನ್ ಟೀಯಲ್ಲಿ ಅದರ ಮುಖ್ಯ ಭಾಗ ಕ್ಯಾಟೆಚಿನ್, ಅದರಲ್ಲಿ ದೊಡ್ಡಣ್ಣ ಇಜಿಸಿಜಿ. ಪಿಎಚ್ 4ಕ್ಕಿಂತ ಕೆಳಗಿದ್ದರೆ, ಅಂದರೆ ಹುಳಿಯಲ್ಲಿ, ಅದು ಕೆಡದೆ ನಿಲ್ಲುತ್ತದೆ. ಸೋಡಾದಂಥ ಕ್ಷಾರ ಸೇರಿತೋ, ಗಾಳಿಯ ಆಮ್ಲಜನಕದ ಜೊತೆ ಸೇರಿ ಬೇಗ ಕೆಡುತ್ತದೆ. ಬಿಸಿಯಿದ್ದರೆ ಇನ್ನೂ ಬೇಗ. ನನ್ನ ಫ್ಲಾಸ್ಕಿನಲ್ಲಿ ಸೋಡಾವೂ ಇತ್ತು, ಬಿಸಿಯೂ ಇತ್ತು, ಗಂಟೆಗಟ್ಟಲೆ ಸಮಯವೂ ಇತ್ತು. ಇನ್ನೇನು ಬೇಕು?

ಹಾಗಂತ ಕಂದು ಆದದ್ದೆಲ್ಲ ಕೆಟ್ಟದ್ದಲ್ಲ, ಮಾರಾಯ್ರೇ. ನಮ್ಮ ಮಾಮೂಲಿ ಚಾಯಪುಡಿ ಕಪ್ಪಾಗುವುದೂ ಆಮ್ಲಜನಕದ ಜೊತೆ ಸೇರುವ ಈ ಆಕ್ಸಿಡೇಶನ್ನಿನಿಂದಲೇ. ಅಲ್ಲಿ ಎಲೆಯ ಕಿಣ್ವವೇ ಆ ಕೆಲಸ ಮಾಡಿ ಥಿಯಾಫ್ಲೇವಿನ್ ಅನ್ನುವ ಬಣ್ಣದ ವಸ್ತು ಎಲ್ಲ ಆಗುತ್ತದೆ. ಅದಕ್ಕೇ ಆ ಕೆಂಪು, ಆ ಖಡಕ್ಕು. ಹಾಲು ಹಾಕದ ಸುಲೈಮಾನಿ ಚಾಯಕ್ಕೆ ಲಿಂಬೆ ಹಿಂಡಿದಾಗ ಬಣ್ಣ ತಿಳಿಯಾಗುತ್ತದಲ್ಲ, ಅದೂ ಹುಳಿಯದ್ದೇ ಆಟ.

ಚಹಾ ಅಂದ ಮೇಲೆ ನೀರಿನ ವಿಷಯವೂ ಬಂತು. ನೋಡಿ, ಇದು ನಮ್ಮ ಸುರಂಗ, ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು. ಅಜ್ಜ ಮುರಕಲ್ಲು ಕೊರೆಸಿದ್ದು. ಒಳಗೆ ಬಾವಲಿ ಇದೆ, ಹೆದರಬೇಡಿ. ಮುರಕಲ್ಲಿನ ನೀರು ಸಾಮಾನ್ಯವಾಗಿ ಸ್ವಲ್ಪ ಹುಳಿ ಕಡೆಗೇ, ಚಹಾಕ್ಕೆ ಒಳ್ಳೆಯದು. ಗಡಸು ನೀರಾದರೆ ಕ್ಯಾಲ್ಸಿಯಂ ಸೇರಿ ಮೇಲೆ ಪೊರೆ ಕಟ್ಟುತ್ತದೆ.

ಸರಿ, ಆರೋಗ್ಯ. ಗ್ರೀನ್ ಟೀ ಅಮೃತ ಅಂತ ಹೋದ ತಿಂಗಳು ನಾನೇ ಹೇಳಿದ್ದೆ. ವಾಪಸ್ ತೆಗೆದುಕೊಂಡೆ. ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಕ್ಯಾಟೆಚಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಕಡಿಮೆ. ಊಟದ ಜೊತೆ ಕುಡಿದರೆ ಸೊಪ್ಪು, ಬೇಳೆಯ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತ ಕಡಿಮೆ ಇರುವವರು ಒಂದು ಗಂಟೆ ಬಿಟ್ಟು ಕುಡಿಯಿರಿ. ಮಾತ್ರೆ ರೂಪದಲ್ಲಂತೂ ಬೇಡವೇ ಬೇಡ. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ತೆಗೆದುಕೊಂಡರೆ ಲಿವರಿಗೆ ತೊಂದರೆ ಆಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಅಯ್ಯೋ, ಮಳೆ ಬಂತು, ಕ್ಯಾಮೆರಾ ಒಳಗೆ! ನಾಳೆ ಆ ಅಂಗಡಿಗೆ ಹೋಗಿ ಸಾರಿ ಹೇಳಬೇಕು. ಅದನ್ನು ಮಾತ್ರ ಶೂಟ್ ಮಾಡುವುದಿಲ್ಲ.