ದೂರಕ್ಕೆ ಒಂದೇ ಬಣ್ಣ, ಹತ್ತಿರಕ್ಕೆ ಹಲವು: ಗಂಡಸರ ಕೋಟಿಗೆ ಬಟ್ಟೆ ಆರಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಸೂಟಿನ ಭಾಗವಾಗಿ ಅಲ್ಲದೆ, ಬೇರೆ ಬಟ್ಟೆಯ ಪ್ಯಾಂಟಿನ ಮೇಲೆ ಬಿಡಿಯಾಗಿ ತೊಡಲೆಂದು ಹೊಲಿಸುವ ಕೋಟಿಗೆ ಬಣ್ಣವನ್ನೂ ವಿನ್ಯಾಸವನ್ನೂ ಹೇಗೆ ಆರಿಸಬೇಕು ಎಂಬುದು ಈ ಸಂಚಿಕೆಯ ವಿಷಯ. ಅಳತೆ, ಭುಜ, ಕಾಲರಿನ ಅಗಲ ಇವುಗಳನ್ನು ಕುರಿತು ಅಂಗಡಿಯಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಬಣ್ಣದ ಮಾತು ಬಂದರೆ ಮಾತ್ರ "ನೇವಿ ಬ್ಲೂ ತಗೊಳ್ಳಿ, ಇಲ್ಲಾಂದ್ರೆ ಕಪ್ಪು ತಗೊಳ್ಳಿ" ಎನ್ನುವಲ್ಲಿಗೆ ಎಲ್ಲ ಮುಗಿದುಹೋಗುತ್ತದೆ. ನಾನು ಇಂದು ವಾದಿಸಹೊರಟಿರುವುದು ಇಷ್ಟು: ದೂರದಿಂದ ಒಂದೇ ಬಣ್ಣವಾಗಿ ಕಂಡು, ಹತ್ತಿರ ಬಂದಾಗ ಹಲವು ಬಣ್ಣಗಳಾಗಿ ಬಿಚ್ಚಿಕೊಳ್ಳುವ ಬಟ್ಟೆಯೇ ಬಿಡಿ ಕೋಟಿಗೆ ಎಲ್ಲಕ್ಕಿಂತ ಒಪ್ಪುವ ಬಟ್ಟೆ.

ಈಗ ಕ್ಯಾಮೆರಾದ ಮುಂದೆ ಹಿಡಿದಿರುವುದು ಹ್ಯಾರಿಸ್ ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆಯ ಒಂದು ತುಂಡು. ನಿಮಗೆ ಇದು ಬರಿಯ ಕಂದು ಬಣ್ಣವಾಗಿ ಕಾಣುತ್ತಿರಬೇಕು. ಇನ್ನಷ್ಟು ಹತ್ತಿರ ತರುತ್ತೇನೆ. ಇಟ್ಟಿಗೆಯ ಕೆಂಪು ಇದೆ, ಸಾಸಿವೆಯ ಹಳದಿ ಇದೆ, ಪಾಚಿಯ ಹಸಿರು ಇದೆ, ಒಂದೆರಡು ಕಡೆ ನೇರಳೆಯೂ ಇಣುಕುತ್ತದೆ. ನಿಜವಾಗಿ ಕಂದು ಎನ್ನಬಹುದಾದ ಎಳೆಗಳು ಇದರಲ್ಲಿ ಅರ್ಧದಷ್ಟೂ ಇಲ್ಲ. ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ಆಚೆಗಿರುವ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ತಯಾರಾಗುವ ಈ ಬಟ್ಟೆಗೆ 1993ರ ಬ್ರಿಟಿಷ್ ಕಾನೂನೊಂದರ ರಕ್ಷಣೆ ಇದೆ: ಅಪ್ಪಟ ಹೊಸ ಉಣ್ಣೆಗೆ ಆ ದ್ವೀಪಗಳಲ್ಲೇ ಬಣ್ಣ ಕಟ್ಟಿ, ಅಲ್ಲೇ ನೂತು, ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ ಕೈಯಾರೆ ನೇಯ್ದು, ಅಲ್ಲೇ ಕೊನೆಯ ಹದಗೊಳಿಸುವ ಕೆಲಸವನ್ನೂ ಮುಗಿಸಿದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಈ ಕೆಲಸಗಳ ಕ್ರಮ. ಅಲ್ಲಿ ಬಣ್ಣ ಕಟ್ಟುವುದು ನೇಯ್ದ ಬಟ್ಟೆಗೂ ಅಲ್ಲ, ನೂತ ನೂಲಿಗೂ ಅಲ್ಲ, ಇನ್ನೂ ನೂಲದ ಉಣ್ಣೆಗೆ. ಬಗೆಬಗೆಯ ಬಣ್ಣದ ಉಣ್ಣೆಯನ್ನು ತೂಕದ ಲೆಕ್ಕದಲ್ಲಿ ಬೆರೆಸಿ, ಹಿಂಜಿ, ಆಮೇಲೆ ನೂಲು ತೆಗೆಯುವುದರಿಂದ ಒಂದೊಂದು ನೂಲೂ ತಾನೇ ಒಂದು ಮಿಶ್ರಣವಾಗಿರುತ್ತದೆ. ಹಿಂದೆ ಈ ದ್ವೀಪಗಳ ಹೆಂಗಸರು ಬಂಡೆಗಳಿಂದ ಕೆರೆದು ತಂದ ಕ್ರೊಟಲ್ ಎಂಬ ಕಲ್ಲುಹೂವನ್ನು ಉಣ್ಣೆಯ ಜೊತೆ ಕುದಿಸಿ ಕೆಂಗಂದು ಬಣ್ಣ ತೆಗೆಯುತ್ತಿದ್ದರು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವು ಕೂಡ ಅದೇ ಕುಟುಂಬದ್ದು.

ಈ ಬಗೆಯ ಬಣ್ಣಗಳು ಹುಟ್ಟಿದ್ದು ಅಲಂಕಾರದ ಆಸೆಯಿಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಎಸ್ಟೇಟುಗಳ ಒಡೆಯರು ತಮ್ಮ ಬೇಟೆಕಾವಲಿನವರಿಗೆ ಸಮವಸ್ತ್ರ ಹೊಲಿಸಬೇಕಾದಾಗ, ಆಯಾ ಬೆಟ್ಟದ ಬಂಡೆ, ಹುಲ್ಲು, ಕುರುಚಲು ಗಿಡಗಳ ನಡುವೆ ಜಿಂಕೆಯ ಕಣ್ಣಿಗೆ ಬೀಳದಂಥ ಬಟ್ಟೆಯನ್ನು ಪ್ರತ್ಯೇಕವಾಗಿ ನೇಯಿಸಿದರು. ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ 1850ರ ದಶಕದಲ್ಲಿ ಬಾಲ್ಮೋರಲ್ ಎಸ್ಟೇಟಿಗೆಂದು ರೂಪಿಸಿದ ಟ್ವೀಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅಬರ್ಡೀನ್ ಸೀಮೆಯ ಗ್ರಾನೈಟ್ ಬಂಡೆಯನ್ನು ಹೋಲುವ ಬೂದು ಬಣ್ಣ ಅವನಿಗೆ ಬೇಕಿತ್ತು. ಆದರೆ ಅವನು ಅದನ್ನು ಬೂದು ನೂಲಿನಿಂದ ನೇಯಿಸಲಿಲ್ಲ, ಕಡುನೀಲಿ ಮತ್ತು ಬಿಳಿಯನ್ನು ಬೆರೆಸಿ ಅದರ ಮೇಲೆ ಕಡುಗೆಂಪಿನ ಚುಕ್ಕೆಗಳನ್ನು ಚೆಲ್ಲಿದ. ನೂರು ಹೆಜ್ಜೆಯಾಚೆ ಅದು ಬಂಡೆಯ ಬೂದು. ಕೈಯಲ್ಲಿ ಹಿಡಿದರೆ ಮೂರು ಬಣ್ಣ. ಬಂಡೆಯೂ ಹತ್ತಿರದಿಂದ ನೋಡಿದರೆ ಹಾಗೆಯೇ ಇರುವುದರಿಂದ ಆ ಬಟ್ಟೆ ಅಲ್ಲಿ ಅಷ್ಟು ಸಹಜವಾಗಿ ಬೆರೆತುಹೋಗುತ್ತದೆ ಎಂದು ನನಗೆ ತೋರುತ್ತದೆ. ಬಿಡಿ ಕೋಟಿನ ಮೂಲ ಇಂಥ ಹಳ್ಳಿಗಾಡಿನ ಉಡುಪು. ಲಂಡನ್ನಿನ ಕಚೇರಿಗಳಿಗೆ ಕಡುಬೂದು ಮತ್ತು ಕಡುನೀಲಿಯ ಸೂಟುಗಳು ಬೇರೆಯೇ ಇದ್ದವು. ಕಂದು, ಹಸಿರು, ತುಕ್ಕಿನ ಬಣ್ಣ ಇವೆಲ್ಲ ಬಿಡಿ ಕೋಟಿಗೆ ಹೇಳಿ ಮಾಡಿಸಿದಂತೆ ಕೂರುವುದಕ್ಕೂ, ಕಚೇರಿಯ ಬಣ್ಣಗಳಲ್ಲಿ ಹೊಲಿಸಿದ ಬಿಡಿ ಕೋಟು ಎಲ್ಲೋ ಸೂಟಿನ ಪ್ಯಾಂಟನ್ನು ಕಳೆದುಕೊಂಡಂತೆ ಕಾಣುವುದಕ್ಕೂ ಕಾರಣ ಈ ಚರಿತ್ರೆಯಲ್ಲೇ ಇದೆ.

ಇನ್ನು ಕಣ್ಣಿನ ಕೆಲಸವನ್ನು ಗಮನಿಸೋಣ. ಆರೋಗ್ಯವಂತ ಕಣ್ಣು ಮೂರು ಮೀಟರ್ ದೂರದಲ್ಲಿ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಅಂತರದ ಎರಡು ಗೆರೆಗಳನ್ನು ಕಷ್ಟಪಟ್ಟು ಬಿಡಿಸಿ ನೋಡಬಲ್ಲದು. ಅದಕ್ಕಿಂತ ಸಣ್ಣದಾದ ನೂಲುಗಳೆಲ್ಲ ಕಣ್ಣಿನಲ್ಲೇ ಬೆರೆತು ಒಂದು ಬಣ್ಣವಾಗುತ್ತವೆ. ಅಂಗಡಿಯ ಸ್ಯಾಂಪಲ್ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಆರಿಸಿದವರಿಗೆ, ಹೊಲಿಸಿದ ಕೋಟು ಮನೆಗೆ ಬಂದ ಮೇಲೆ ತಾವು ಆರಿಸಿದ್ದೇ ಬೇರೆ ಎನಿಸುವುದು ಇದರಿಂದಲೇ. ಪ್ಯಾರಿಸಿನ ಗೊಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯುಜೀನ್ ಶೆವ್ರೋಲ್ ಅವರಿಗೂ ಇಂಥದೇ ಒಂದು ದೂರು ಬಂದಿತ್ತು: ನೀಲಿ ಮತ್ತು ನೇರಳೆ ಬಟ್ಟೆಗಳ ನೆರಳಿಗೆ ಬಳಸುವ ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತದೆ ಎಂದು. ಅವರು ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವೇ ಇರಲಿಲ್ಲ; ಪಕ್ಕದ ನೀಲಿಯಿಂದಾಗಿ ಕಪ್ಪು ತನ್ನ ಗಾಢತೆಯನ್ನು ಕಳೆದುಕೊಂಡಿತ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂಬ ನಿಯಮವನ್ನು ಅವರು 1839ರಲ್ಲಿ ಪ್ರಕಟಿಸಿದರು. ನೂಲು ಸಣ್ಣದಾಗಿದ್ದರೆ ಬಣ್ಣಗಳು ಬೆರೆಯುತ್ತವೆ, ಪಟ್ಟೆ ದೊಡ್ಡದಾದರೆ ಪರಸ್ಪರ ಎದುರು ನಿಲ್ಲುತ್ತವೆ. ಕೋಟಿನ ವಿನ್ಯಾಸದ ಮುಕ್ಕಾಲು ಭಾಗ ಈ ಎರಡರ ನಡುವಿನ ಆಯ್ಕೆ.

ಆದ್ದರಿಂದ ಬಟ್ಟೆಯನ್ನು ನೋಡುವ ವಿಧಾನವೇ ಬದಲಾಗಬೇಕು. ಥಾನಿನಿಂದ ಒಂದು ಮೀಟರ್ ಬಿಚ್ಚಿಸಿ ಭುಜದ ಮೇಲೆ ಇಳಿಬಿಡಿಸಿಕೊಂಡು, ಕನ್ನಡಿಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಬೇಕು. ಆಮೇಲೆ ಬಾಗಿಲಿಗೆ ಒಯ್ಯಬೇಕು. ರೇಷ್ಮೆ ಸೀರೆ ಕೊಳ್ಳುವ ನಮ್ಮ ಅಮ್ಮಂದಿರು ಸೆರಗನ್ನು ಬೀದಿಯ ಬಿಸಿಲಿಗೆ ಹಿಡಿಯದೆ ದುಡ್ಡು ಎಣಿಸುವುದಿಲ್ಲ. ಕೋಟಿನ ಬಟ್ಟೆಗೂ ಅಷ್ಟೇ ಎಚ್ಚರ ಸಲ್ಲಬೇಕು. ಹಳದಿ ಬೆಳಕಿನಲ್ಲಿ ನೇವಿ ಬ್ಲೂ ಕಪ್ಪಾಗಿಬಿಡುತ್ತದೆ, ಬಿಳಿ ಎಲ್‌ಇಡಿಯ ಕೆಳಗೆ ಹಸಿರು ಮಿಶ್ರಿತ ಬೂದು ಸತ್ತುಹೋಗುತ್ತದೆ.

ಕಪ್ಪಿನ ಬಗ್ಗೆ ನಾನು ಸ್ಪಷ್ಟವಾಗಿ ಮಾತನಾಡಬೇಕು. ನಮ್ಮಲ್ಲಿ ಕರಿಕೋಟಿಗೆ ದೊಡ್ಡ ಗೌರವವಿದೆ: ಮೈಸೂರಿನ ದರ್ಬಾರಿನಲ್ಲಿ ಬಿಳಿ ಷರಾಯಿ ಮತ್ತು ಜರಿಪೇಟದೊಂದಿಗೆ ತೊಡುತ್ತಿದ್ದ ಉದ್ದನೆಯ ಕರಿಕೋಟು, ನ್ಯಾಯಾಲಯದಲ್ಲಿ ವಕೀಲರ ಕರಿಕೋಟು, ರೈಲಿನಲ್ಲಿ ಟಿಕೆಟ್ ನೋಡುವವರ ಕರಿಕೋಟು. ಅವೆಲ್ಲವೂ ಸಮವಸ್ತ್ರಗಳು, ತೊಟ್ಟವರ ವೈಯಕ್ತಿಕ ಚಹರೆಯನ್ನು ಹಿಂದಕ್ಕೆ ಸರಿಸಿ ಸ್ಥಾನವನ್ನು ಮುಂದೆ ತರುವುದೇ ಅವುಗಳ ಉದ್ದೇಶ, ಆ ಕೆಲಸವನ್ನು ಕಪ್ಪು ಚೆನ್ನಾಗಿ ಮಾಡುತ್ತದೆ. ಆದರೆ ಕಪ್ಪು ಬೆಳಕನ್ನು ನುಂಗುವುದರಿಂದ, ಎದೆಯ ಮೇಲೆ ಲ್ಯಾಪೆಲ್ ಮಗುಚಿಕೊಳ್ಳುವ ಬಳುಕು, ಸೊಂಟದಲ್ಲಿ ಬಟ್ಟೆ ಒಳಸರಿಯುವ ರೇಖೆ, ಜೇಬಿನ ಅಂಚಿನ ಹೊಲಿಗೆ ಯಾವುದೂ ನೆರಳು ಚೆಲ್ಲುವುದಿಲ್ಲ. ದರ್ಜಿಯು ಪಟ್ಟ ಶ್ರಮವೆಲ್ಲ ಕಾಣದಂತಾಗಿ, ಧೂಳು ಮತ್ತು ದಾರದ ತುಣುಕುಗಳು ಮಾತ್ರ ಎದ್ದು ಕಾಣುತ್ತವೆ. ಹಗಲಿನ ಬಿಡಿ ಕೋಟಿಗೆ ಕಪ್ಪನ್ನು ನಾನು ಯಾರಿಗೂ ಹೇಳಲಾರೆ. ಕಡುನೀಲಿಯನ್ನು ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ: ಅದು ಸೂಟಿನ ನುಣುಪು ಬಟ್ಟೆಯಾಗಿರಬಾರದು, ಹಾಸು ಹೊಕ್ಕುಗಳು ಬುಟ್ಟಿಯ ಹೆಣಿಗೆಯ ಹಾಗೆ ಬಿಡಿಬಿಡಿಯಾಗಿ ಕಾಣುವ ಹಾಪ್‌ಸ್ಯಾಕ್ ನೇಯ್ಗೆಯದಾಗಿರಬೇಕು. ಆ ಸಣ್ಣ ಸಣ್ಣ ಗುಳಿಗಳಲ್ಲಿ ನೆರಳು ಕುಳಿತು, ಒಂದೇ ನೀಲಿ ಎರಡು ನೀಲಿಯಾಗುತ್ತದೆ.

ವಿನ್ಯಾಸಗಳ ಪೈಕಿ ಗ್ಲೆನ್ ಚೆಕ್ ಎಂಬ ಚೌಕುಳಿಗೆ ನನ್ನ ಮೊದಲ ಮತ. ಎರಡು ಕಡು ಎರಡು ತಿಳಿ, ಆಮೇಲೆ ನಾಲ್ಕು ಕಡು ನಾಲ್ಕು ತಿಳಿ ಎಂಬ ಲೆಕ್ಕದಲ್ಲಿ ನೂಲುಗಳನ್ನು ಹಾಸಿನಲ್ಲೂ ಹೊಕ್ಕಿನಲ್ಲೂ ಇಟ್ಟು ನೇಯ್ದರೆ, ಒಂದು ಚೌಕದಲ್ಲಿ ಸಣ್ಣ ಗೀರು, ಪಕ್ಕದಲ್ಲಿ ಹಲ್ಲಿನಂಥ ಗುರುತು, ಹೀಗೆ ನಾಲ್ಕು ಬಗೆಯ ಮನೆಗಳು ತಾವಾಗಿಯೇ ಮೂಡುತ್ತವೆ. ಸ್ಕಾಟ್ಲೆಂಡಿನ ಗ್ಲೆನ್ ಅರ್ಕರ್ಟ್ ಕಣಿವೆಯಲ್ಲಿ ಸೀಫೀಲ್ಡಿನ ಕೌಂಟೆಸ್ ತಮ್ಮ ಬೇಟೆಕಾವಲಿನವರಿಗೆ ಇದನ್ನು ತೊಡಿಸಿದರು. ಮುಂದೆ ಎಂಟನೆಯ ಎಡ್ವರ್ಡ್ ಆದ ಯುವರಾಜ ಅದನ್ನು ಪಟ್ಟಣದ ಉಡುಪಾಗಿಯೂ ಮೆರೆಸಿದ. ಕಪ್ಪು ಬಿಳುಪಿನ ಗ್ಲೆನ್ ಚೆಕ್ ದೂರಕ್ಕೆ ತಿಳಿಬೂದು, ಹತ್ತಿರಕ್ಕೆ ಒಂದು ಲೋಕ. ಮೀನಿನ ಮೂಳೆಯ ಹಾಗೆ ಓರೆಗೆರೆಗಳು ಎದುರುಬದುರಾಗಿ ಸಾಗುವ ಹೆರಿಂಗ್‌ಬೋನ್ ಕೂಡ ಅದೇ ಗುಣದ್ದು, ಇನ್ನಷ್ಟು ಮೌನಿ. ಮೊದಲ ಬಾರಿಗೆ ವಿನ್ಯಾಸದ ಕೋಟು ಹೊಲಿಸುವವರಿಗೆ ಅದು ನಿಶ್ಚಿಂತೆಯ ಆಯ್ಕೆ. ನಾಯಿಹಲ್ಲಿನಂಥ ಮುರಿದ ಚೌಕಗಳ ಹೌಂಡ್‌ಸ್ಟೂತ್ ಸಣ್ಣದಾಗಿದ್ದರೆ ಸೊಗಸು, ದೊಡ್ಡದಾದರೆ ಮುಖಕ್ಕಿಂತ ಮೊದಲು ಕೋಟೇ ಮಾತನಾಡುತ್ತದೆ. ತೀರ ಸಣ್ಣ ಹೌಂಡ್‌ಸ್ಟೂತ್ ಕ್ಯಾಮೆರಾದ ಮುಂದೆ ನೀರಿನಲೆಯಂತೆ ಮಿನುಗುತ್ತದೆ, ಏಕೆಂದರೆ ನೂಲಿನ ಸಾಲುಗಳೂ ಸೆನ್ಸರಿನ ಬಿಂದುಗಳ ಸಾಲುಗಳೂ ಒಂದರ ಮೇಲೊಂದು ಬಿದ್ದು ಇಲ್ಲದ ಅಲೆಗಳನ್ನು ಹುಟ್ಟಿಸುತ್ತವೆ. ನಿಶ್ಚಿತಾರ್ಥದ ವಿಡಿಯೋಕ್ಕಾಗಿ ಕೋಟು ಹೊಲಿಸುವವರು ಮೊದಲು ಫೋನಿನಲ್ಲಿ ಒಂದು ತುಣುಕು ಚಿತ್ರೀಕರಿಸಿ ನೋಡುವುದು ಒಳ್ಳೆಯದು. ಉದ್ದುದ್ದ ತೆಳುಗೀರುಗಳ ಪಿನ್‌ಸ್ಟ್ರೈಪ್ ಸೂಟಿನ ಸ್ವತ್ತು. ಆ ಗೀರು ಎದೆಯಿಂದ ಪಾದದವರೆಗೆ ಹರಿಯಬೇಕು, ಸೊಂಟದಲ್ಲಿ ಕಡಿದುಹೋದರೆ ಅದಕ್ಕೆ ಅರ್ಥ ಉಳಿಯುವುದಿಲ್ಲ.

ಮೈಬಣ್ಣದ ವಿಚಾರದಲ್ಲಿ ನಮ್ಮ ಅಂಗಡಿಗಳಲ್ಲಿ ಕೇಳುವ ಒಂದು ಮಾತು ನನಗೆ ನಿಜಕ್ಕೂ ನೋವು ತರುತ್ತದೆ: ಕಪ್ಪಗಿರುವವರು ತಿಳಿಬಣ್ಣ ಹಾಕಬಾರದು ಎಂಬುದು. ಇದು ತಪ್ಪು. ನಸುಗಪ್ಪು ಮೈಬಣ್ಣದ ಪಕ್ಕದಲ್ಲಿ ಕೆನೆಬಣ್ಣದ ಅಥವಾ ತಿಳಿಬೂದಿನ ಕೋಟು ನಿಂತಾಗ ಶೆವ್ರೋಲ್ ಹೇಳಿದ ನಿಯಮವೇ ಕೆಲಸ ಮಾಡಿ, ಮುಖದ ಬಣ್ಣಕ್ಕೆ ಆಳವೂ ಕಳೆಯೂ ಬರುತ್ತದೆ. ಕಷ್ಟ ಇರುವುದು ಬೇರೆ ಕಡೆ. ಗೋಧಿ ಬಣ್ಣದವರಿಗೆ ಮರಳಿನಂಥ ಬೀಜ್ ಬಣ್ಣ, ಎಣ್ಣೆಗೆಂಪು ಬಣ್ಣದವರಿಗೆ ಅದೇ ಗಾಢತೆಯ ಕಂದು, ಹೀಗೆ ಮೈಬಣ್ಣಕ್ಕೆ ತೀರ ಹತ್ತಿರವಾದ ಬಣ್ಣ ಮುಖವನ್ನು ಕೋಟಿನೊಳಗೆ ಕರಗಿಸಿಬಿಡುತ್ತದೆ. ಮೈಬಣ್ಣಕ್ಕಿಂತ ಎರಡು ಮೆಟ್ಟಿಲು ಗಾಢ ಅಥವಾ ಎರಡು ಮೆಟ್ಟಿಲು ತಿಳಿ ಇರಲಿ. ಕೂದಲು ಕಪ್ಪಾಗಿರುವ ನಮ್ಮ ಜನಕ್ಕೆ ವಿನ್ಯಾಸದಲ್ಲೂ ಕಡು ಮತ್ತು ತಿಳಿಯ ಅಂತರ ಕೊಂಚ ಹೆಚ್ಚಿದ್ದರೆ ಒಪ್ಪುತ್ತದೆ.

ಹ್ಯಾರಿಸ್ ಟ್ವೀಡನ್ನು ಇಷ್ಟು ಹೊಗಳಿದೆ. ಅದನ್ನು ಮಂಗಳೂರಿನಲ್ಲಿ ತೊಡಿ ಎಂದು ಹೇಳುತ್ತಿಲ್ಲ. ನಮ್ಮ ಹವೆಗೆ ಅದೇ ಗುಣವನ್ನು ಬೇರೆ ದಾರಿಯಲ್ಲಿ ಪಡೆಯಬಹುದು. ಉಣ್ಣೆ, ರೇಷ್ಮೆ, ಲಿನನ್ ಮೂರನ್ನೂ ಬೆರೆಸಿ ನೇಯ್ದ ಹಗುರ ಬಟ್ಟೆಗಳು ಸಿಗುತ್ತವೆ. ಉಣ್ಣೆ ಮತ್ತು ರೇಷ್ಮೆ ಪ್ರಾಣಿಜನ್ಯ, ಲಿನನ್ ಅಗಸೆ ಗಿಡದ ನಾರು. ಈ ಎರಡು ಜಾತಿಯ ನಾರುಗಳು ಬಣ್ಣವನ್ನು ಹೀರುವ ಬಗೆ ಒಂದೇ ಅಲ್ಲವಾದ್ದರಿಂದ, ಬಟ್ಟೆಯ ಉದ್ದಗಲಕ್ಕೂ ತಿಳಿ ಗಾಢಗಳ ಸಣ್ಣ ಏರಿಳಿತ ಉಳಿಯುತ್ತದೆ. ಹೊಗೆಸೊಪ್ಪಿನ ಕಂದು, ಆಲಿವ್ ಹಸಿರು, ಮಸುಕು ನೀಲಿ ಈ ಮಿಶ್ರಣದಲ್ಲಿ ಬಹಳ ಚೆನ್ನಾಗಿ ಬರುತ್ತವೆ. ಪ್ಯಾಂಟಿಗೆ ನಡುಬೂದು ಸಾಕು, ಅದು ಬಹುತೇಕ ಎಲ್ಲದರ ಜೊತೆಗೂ ಹೊಂದುತ್ತದೆ. ಕಡುನೀಲಿ ಕೋಟಿನ ಕೆಳಗೆ ಕಡುಬೂದು ಪ್ಯಾಂಟನ್ನು ಮಾತ್ರ ತೊಡಬೇಡಿ, ಮಂದ ಬೆಳಕಿನಲ್ಲಿ ಅದು ಜೋಡಿ ತಪ್ಪಿದ ಸೂಟಿನಂತೆ ಕಾಣುತ್ತದೆ.

ಚೌಕುಳಿ ಆರಿಸಿದರೆ, ಕತ್ತರಿ ಆಡುವ ಮೊದಲೇ ದರ್ಜಿಯವರ ಜೊತೆ ಕುಳಿತು ಮಾತನಾಡಬೇಕು. ಜೇಬಿನ ಮುಚ್ಚಳದ ಗೆರೆಗಳು ಕೋಟಿನ ಗೆರೆಗಳೊಂದಿಗೆ ಕೂಡಬೇಕು, ತೋಳಿನ ಅಡ್ಡಗೆರೆ ಎದೆಯ ಅಡ್ಡಗೆರೆಯ ಮಟ್ಟದಲ್ಲಿರಬೇಕು, ಕಾಲರ್ ಬೆನ್ನಿನ ನಡುಗೆರೆಯನ್ನು ಮುಂದುವರಿಸಬೇಕು. ಚೌಕ ದೊಡ್ಡದಾದಷ್ಟೂ ಹೀಗೆ ಹೊಂದಿಸಲು ಹೆಚ್ಚು ಬಟ್ಟೆ ವ್ಯರ್ಥವಾಗುವುದರಿಂದ, ಸಾದಾ ಬಟ್ಟೆಯ ಲೆಕ್ಕದಲ್ಲಿ ಎರಡು ಮೀಟರ್ ತಂದು ಕೊಟ್ಟು ಗೆರೆ ಕೂಡಲಿಲ್ಲವೆಂದು ದರ್ಜಿಯವರನ್ನು ದೂರುವುದು ನ್ಯಾಯವಲ್ಲ. ಎಷ್ಟು ಬೇಕೆಂದು ಅವರನ್ನೇ ಕೇಳಿ, ಆಮೇಲೆ ಥಾನು ಕತ್ತರಿಸಿ ಕೊಳ್ಳಿ. ಗುಂಡಿಗಳನ್ನೂ ಅದೇ ದಿನ ಬಟ್ಟೆಯ ಮೇಲಿಟ್ಟು ನೋಡಿ. ಕಂದು, ಹಸಿರು ಕೋಟುಗಳಿಗೆ ಕೊಂಬಿನ ಗುಂಡಿ ನಾನು ಯಾವಾಗಲೂ ಸೂಚಿಸುವುದು, ಏಕೆಂದರೆ ಪ್ಲಾಸ್ಟಿಕ್ ಗುಂಡಿ ಸಾಮಾನ್ಯವಾಗಿ ಒಂದೇ ಬಣ್ಣದ್ದು, ಕೊಂಬಿನಲ್ಲಾದರೆ ಬೆಲ್ಲದ ಬಣ್ಣದಿಂದ ಕರಿಗಂದಿನವರೆಗೆ ಎಳೆಗಳು ಹರಿದಿರುತ್ತವೆ ಮತ್ತು ನಾಲ್ಕು ಗುಂಡಿಗಳಲ್ಲಿ ಎರಡು ಒಂದೇ ತರ ಇರುವುದಿಲ್ಲ.