ನೂರು ವರ್ಷದ ಬಿಡಾರ: ವಿಯೆಟ್ನಾಮಿನ ಹಾಡು, ಕಥೆ ಮತ್ತು ಮನೆಯೊಳಗಿನ ಧರ್ಮ

ಸ್ನೇಹಿತರೇ,

ಕಳೆದ ತಿಂಗಳು ಇದೇ ಕೋಣೆಯಲ್ಲಿ ವಿಯೆಟ್ನಾಮಿನ ಲೇಖಕ ಬಾವೊ ನಿನ್ ಅವರ ‘ಯುದ್ಧದ ದುಃಖ’ ಕಾದಂಬರಿಯ ಬಗ್ಗೆ ಮಾತನಾಡಿದೆವು. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: “ಕಮ್ಯುನಿಸ್ಟ್ ಸೈನ್ಯದ ಸಿಪಾಯಿಗಳು ಕಾಡಿನಲ್ಲಿ ಗುಟ್ಟಾಗಿ ಊದುಬತ್ತಿ ಹಚ್ಚಿ ಸತ್ತವರಿಗೆ ಕೈಮುಗಿಯುತ್ತಾರಲ್ಲ, ಅದು ಲೇಖಕ ಹಾಕಿದ ಒಗ್ಗರಣೆ ತಾನೇ? ಅಲ್ಲಿ ಧರ್ಮ ಎಲ್ಲಿ ಉಳಿದಿದೆ?” ಮೆಟ್ಟಿಲ ಮೇಲೆ ನಿಂತು ಕೊಡುವ ಉತ್ತರ ಅದಾಗಿರಲಿಲ್ಲ. ಅವರು ಇವತ್ತು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಸರ್, ಈ ಒಂದು ಗಂಟೆ ಪೂರ್ತಿ ನಿಮ್ಮ ಪ್ರಶ್ನೆಗೇ ಮೀಸಲು.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಿಯೆಟ್ನಾಮಿನ ಲೇಖಕ ಯಾವ ಧರ್ಮದವನು ಎಂದು ಕೇಳುತ್ತಾ ಹೋದರೆ ನಮಗೆ ಏನೂ ಸಿಗುವುದಿಲ್ಲ. ಬೌದ್ಧ, ಕನ್‌ಫ್ಯೂಷಿಯಸ್, ತಾವೊ ಮಾರ್ಗಗಳು ಒಂದೇ ಮೂಲದವು ಎನ್ನುವ ಮಾತು ಅಲ್ಲಿ ಶತಮಾನಗಳಿಂದ ಇದೆ. ಒಂದೇ ಮನೆಯಲ್ಲಿ ಮೂರೂ ಇರುತ್ತವೆ. ಮೂರಕ್ಕೂ ಹಿಂದಿನದಾದ ಪೂರ್ವಜರ ಪೂಜೆಯಂತೂ ಇದ್ದೇ ಇರುತ್ತದೆ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಈ ಹಾಡಿನಲ್ಲಿ, ಈ ಕಥೆಯಲ್ಲಿ ಸತ್ತವರಿಗೆ ಎಲ್ಲಿ ಜಾಗ ಕೊಟ್ಟಿದ್ದಾರೆ? ಮನೆಯೊಳಗೋ, ಹೊರಗೋ?

ಒಳಗೆ, ಹೊರಗೆ ಎಂದರೆ ಏನೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಹುಯೆ ಪಟ್ಟಣದಲ್ಲಿ ಒಂದು ಸಣ್ಣ ವಸತಿಗೃಹದಲ್ಲಿ ಹತ್ತು ದಿನ ಇದ್ದೆ. ಹುಯೆ ಅವರ ಹಳೆಯ ರಾಜಧಾನಿ, ನದಿಯ ಊರು, ದೇವಾಲಯಗಳ ಊರು. ಅದು ಅವರ ಚಾಂದ್ರಮಾನದ ಏಳನೆಯ ತಿಂಗಳು, ಸತ್ತವರಿಗೆ ಎಡೆ ಇಡುವ ತಿಂಗಳು. ಮನೆಯೊಡತಿಗೆ ಎಪ್ಪತ್ತು ದಾಟಿತ್ತು. ಒಂದು ದಿನ ಬೆಳಿಗ್ಗೆ ಒಳಗಿನ ಪೂರ್ವಜರ ಪೀಠಕ್ಕೆ ಹಣ್ಣು, ಹೂವು, ಅನ್ನ ಇಟ್ಟರು. ಅಲ್ಲಿ ಸಾಲಾಗಿ ಚಿತ್ರಗಳಿದ್ದವು. ಕೊನೆಯದು ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಹುಡುಗನದು, ಅವರ ಅಣ್ಣ. ಯುದ್ಧಕ್ಕೆ ಹೋದವನು, ದೇಹ ಸಿಗಲಿಲ್ಲ. ಸಂಜೆ ಅವರು ಇನ್ನೊಂದು ಮೇಜನ್ನು ಎತ್ತಿಕೊಂಡು ಬೀದಿಗೆ ಬಂದರು. ನಾನೂ ಒಂದು ಕಡೆ ಹಿಡಿದೆ. ಅದರ ಮೇಲೆ ತೆಳು ಗಂಜಿಯ ಬಟ್ಟಲುಗಳು, ಅರಳು, ಉಪ್ಪು, ಅಕ್ಕಿ, ಮಿಠಾಯಿ, ಕಾಗದದ ಬಟ್ಟೆ. ಈ ಎಡೆ ಮನೆಯವರಿಗಲ್ಲ, ಮನೆ ಇಲ್ಲದವರಿಗೆ: ದಾರಿಯಲ್ಲಿ ಸತ್ತವರು, ನೀರಿನಲ್ಲಿ ಮುಳುಗಿದವರು, ಹೆಸರು ಹಿಡಿದು ಕರೆಯಲು ಯಾರೂ ಉಳಿಯದವರು. ಅವರನ್ನು ಮನೆಯೊಡತಿ ಭೂತ ಎನ್ನಲಿಲ್ಲ, ಪಿಶಾಚಿ ಎನ್ನಲಿಲ್ಲ. ಅತ್ತೆ, ದೊಡ್ಡಪ್ಪ ಎಂದು ಕರೆಯುವ ಮಾತಿನಲ್ಲೇ ಕರೆದರು. ಗಂಜಿ ಯಾಕೆ ಅಷ್ಟು ತೆಳು ಎಂದು ಕೇಳಿದೆ. ಹಸಿದ ಪ್ರೇತಗಳ ಗಂಟಲು ಸೂಜಿಯಷ್ಟು ಸಣ್ಣದು, ಗಟ್ಟಿ ಅನ್ನ ಇಳಿಯುವುದಿಲ್ಲ ಎಂದರು.

ಪೂಜೆ ಮುಗಿಯುವ ಹೊತ್ತಿಗೆ ಬೀದಿಯ ಮಕ್ಕಳು ಸುತ್ತ ಸೇರಿದ್ದರು. ಊದುಬತ್ತಿ ಆರುವ ತನಕ ಬಹಳ ಗಂಭೀರವಾಗಿ ನಿಂತಿದ್ದ ಆ ಸೈನ್ಯ ಒಂದೇ ಕ್ಷಣದಲ್ಲಿ ಮೇಜಿನ ಮೇಲೆ ಬಿದ್ದು ಮಿಠಾಯಿಯನ್ನೆಲ್ಲ ಕಿತ್ತುಕೊಂಡು ಓಡಿತು. ನನ್ನ ಕೈಗೆ ಉಳಿದದ್ದು ಒಂದು ಹಿಡಿ ಅರಳು. ಅಜ್ಜಿ ನಗುತ್ತಿದ್ದರು, ಮಕ್ಕಳು ಹಾಗೆ ಕಿತ್ತುಕೊಂಡು ಹೋದರೆ ಒಳ್ಳೆಯದಂತೆ. ಆಮೇಲೆ ಉಪ್ಪು, ಅಕ್ಕಿಯನ್ನು ನಾಲ್ಕೂ ದಿಕ್ಕಿಗೆ ಎರಚಿದರು. ಒಂದು ಬಟ್ಟಲನ್ನು ಮಾತ್ರ ಹೊಸ್ತಿಲ ಹತ್ತಿರ ಬೇರೆಯಾಗಿ ಇಟ್ಟಿದ್ದರು. ಅದು ಯಾರಿಗೆ ಎಂದು ಕೇಳಿದೆ. ಅಣ್ಣನಿಗೆ ಎಂದರು. ಚಿತ್ರ ಒಳಗಿದೆ, ಎಡೆಯೂ ಇಟ್ಟಾಗಿದೆ. ಆದರೆ ದೇಹ ಬಂದಿಲ್ಲವಲ್ಲ, ಅವನಿಗೆ ದಾರಿ ಗೊತ್ತಾಗದೆ ಇನ್ನೂ ಹೊರಗೇ ಇದ್ದರೆ?

ಸರ್, ನಿಮ್ಮ ಪ್ರಶ್ನೆಗೆ ಉತ್ತರ ಆ ಬಟ್ಟಲಿನಲ್ಲಿದೆ.

ಸುಮಾರು ಇನ್ನೂರು ವರ್ಷಗಳ ಹಿಂದೆ ನುಯೆನ್ ಜು ಎಂಬ ಮಹಾಕವಿ ಈ ಎಡೆಯನ್ನೇ ಕಾವ್ಯವಾಗಿ ಬರೆದಿದ್ದಾನೆ. ಅವನ ‘ಕಿಯೆವ್ ಕಥೆ’ ನಿಮಗೆಲ್ಲ ಗೊತ್ತು, ಕಿಯೆವ್ ಎಂಬ ಹೆಣ್ಣಿನ ಬಗೆಗಿನ 3,254 ಸಾಲುಗಳ ಕಥನಕಾವ್ಯ. ನಾನು ಹೇಳುತ್ತಿರುವುದು ಅವನ ಇನ್ನೊಂದು ರಚನೆ, ದಿಕ್ಕಿಲ್ಲದ ಆತ್ಮಗಳಿಗಾಗಿ ಬರೆದ ಶೋಕಗೀತೆ. ಸೋತ ದಂಡನಾಯಕ, ದುಡ್ಡಿನ ಹಿಂದೆ ಹೋದ ವ್ಯಾಪಾರಿ, ಬಲವಂತವಾಗಿ ಸೈನ್ಯಕ್ಕೆ ಎಳೆಯಲ್ಪಟ್ಟ ಬಡವ, ಮೈಮಾರಿಕೊಂಡು ಬದುಕಿದ ಹೆಣ್ಣು, ಹುಟ್ಟಿದೊಡನೆ ಸತ್ತ ಕೂಸು, ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಉಣ್ಣಲು ಕೂರಿಸುತ್ತಾನೆ. ಗೆದ್ದವನು, ಸೋತವನು ಎಂಬ ಪಂಕ್ತಿಭೇದ ಅಲ್ಲಿಲ್ಲ.

ಈಗ ಬಾವೊ ನಿನ್ ಕಡೆಗೆ ತಿರುಗಿ. 1952ರಲ್ಲಿ ಹುಟ್ಟಿದವರು, ಉತ್ತರದ ಹನೋಯ್ ಕಮ್ಯುನಿಸ್ಟ್ ಸರ್ಕಾರದ ಸೈನ್ಯದಲ್ಲಿ ಹೋರಾಡಿದವರು. ಅವರ ನಾಯಕ ಕಿಯೆನ್ ಯುದ್ಧ ಮುಗಿದ ಮೇಲೆ ಮಾಡುವ ಕೆಲಸ ಏನು? ಕಾಡಿನಲ್ಲಿ ಕಾಣೆಯಾದ ಸೈನಿಕರ ಅವಶೇಷಗಳನ್ನು ಹುಡುಕಿ ತೆಗೆಯುವ ತಂಡದಲ್ಲಿ ಕೆಲಸ. ಕಾದಂಬರಿ ಶುರುವಾಗುವುದೇ ಸತ್ತವರು ಕೂಗುವ ಕಾಡಿನಲ್ಲಿ. 1969ರಲ್ಲಿ ಒಂದು ಇಡೀ ತುಕಡಿ ನಾಶವಾದ ಜಾಗ ಅದು. ಅಲ್ಲಿ ಅವನ ಜೊತೆಗಾರರು ಗುಟ್ಟಾಗಿ ಪೂಜಾಪೀಠ ಕಟ್ಟಿದ್ದು ಒಗ್ಗರಣೆಯಲ್ಲ, ಅಡುಗೆಯೇ ಅದು. ಸರ್ಕಾರ ಇಂಥದ್ದನ್ನು ಮೂಢನಂಬಿಕೆ ಎನ್ನುತ್ತಿದ್ದ ಕಾಲದಲ್ಲಿ ಒಬ್ಬ ಮಾಜಿ ಸೈನಿಕ ಹೊಸ್ತಿಲಾಚೆಗೆ ಗಂಜಿಯ ಬಟ್ಟಲು ಇಟ್ಟಂತೆ ಈ ಪುಸ್ತಕ ಬರೆದರು. 1991ರಲ್ಲಿ ಅದಕ್ಕೆ ಅಲ್ಲಿನ ಲೇಖಕರ ಸಂಘದ ಬಹುಮಾನ ಬಂತು. ಜಗತ್ತು ಅದನ್ನು ಯುದ್ಧವಿರೋಧಿ ಕಾದಂಬರಿ ಎನ್ನುತ್ತದೆ. ನಾನು ಅದನ್ನು ತಿಥಿಯ ಕಾದಂಬರಿ ಎನ್ನುತ್ತೇನೆ.

ಇನ್ನು ಹಾಡು. ಹಾಡು ಎಂದರೆ ನನಗೆ ಹಾಡು ಬರೆದು ಹಾಡುತ್ತಿದ್ದ ತ್ರಿನ್ ಕಾಂಗ್ ಸನ್. 1939ರಲ್ಲಿ ಹುಟ್ಟಿ, ಹುಯೆಯಲ್ಲಿ ಬೆಳೆದು, ಬಾವ್ ಲಾಕ್‌ನ ಗುಡ್ಡಗಾಡಿನಲ್ಲಿ ಮೇಷ್ಟರಾಗಿದ್ದವರು. ಅವರು ಬೌದ್ಧ ಮನೆತನದವರು, ಫ್ರೆಂಚ್ ಶಾಲೆಯಲ್ಲಿ ಓದಿದವರು. ದಕ್ಷಿಣದ ಸೈಗಾನ್ ಸರ್ಕಾರಕ್ಕೆ ಅವರ ಯುದ್ಧವಿರೋಧಿ ಹಾಡುಗಳು ಬೇಡವಾದವು. ಇಪ್ಪತ್ತು ವರ್ಷದ ‘ಅಂತರ್ಯುದ್ಧ’ ಎಂದು ಹಾಡಿದ್ದಕ್ಕೆ ಹನೋಯ್‌ಗೂ ಅವರು ಬೇಡವಾದರು. ಅಣ್ಣತಮ್ಮಂದಿರ ಜಗಳ ಎಂದು ಯಾರೂ ಒಪ್ಪಿಕೊಳ್ಳಲು ಸಿದ್ಧರಿರಲಿಲ್ಲ. ಆದರೂ 1975ರ ಏಪ್ರಿಲ್ 30ರಂದು, ಸೈಗಾನ್ ಬಿದ್ದ ದಿನ, ಅವರು ಅಲ್ಲಿನ ರೇಡಿಯೊ ನಿಲಯಕ್ಕೆ ಹೋಗಿ ಕೈಗೆ ಕೈ ಜೋಡಿಸೋಣ ಎಂಬ ತಮ್ಮ ಹಾಡನ್ನು ಹಾಡಿದರು. ಗೆದ್ದವರು ಅವರನ್ನು ಹಾರ ಹಾಕಿ ಕರೆದುಕೊಳ್ಳಲಿಲ್ಲ, ಹೊಲದ ದುಡಿಮೆಗೆ ಕಳಿಸಿದರು.

ಆದರೆ ಅವರ ರಾಜಕೀಯದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನಾನು ಮೂರು ಪದಗಳನ್ನು ಮಾತ್ರ ಹಿಡಿದುಕೊಳ್ಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ಒಂದು ‘ಚಾಮ್ ನಾಮ್’, ಎಂದರೆ ನೂರು ವರ್ಷ, ಮನುಷ್ಯನ ಆಯುಸ್ಸು. ಎರಡನೆಯದು ‘ಕೊಯ್’, ಎಂದರೆ ಲೋಕ. ಈ ಲೋಕ, ಆ ಲೋಕ ಎನ್ನುವಾಗ ಬರುವ ಲೋಕ. ‘ಕಿಯೆವ್ ಕಥೆ’ಯ ಮೊಟ್ಟಮೊದಲ ಸಾಲಿನಲ್ಲಿ ಈ ಎರಡೂ ಪದಗಳಿವೆ: ಮನುಷ್ಯಲೋಕದ ನೂರು ವರ್ಷಗಳಲ್ಲಿ ಪ್ರತಿಭೆಗೂ ವಿಧಿಗೂ ಆಗಿಬರುವುದಿಲ್ಲ ಎಂದು ಕಾವ್ಯ ಆರಂಭವಾಗುತ್ತದೆ. ಆ ಸಾಲು ಗೊತ್ತಿಲ್ಲದ ವಿಯೆಟ್ನಾಮೀ ಸಿಗುವುದು ಕಷ್ಟ. ಆ ಕಾವ್ಯವನ್ನು ತೆರೆದು ಶಕುನ ನೋಡುವ ಪದ್ಧತಿಯೇ ಅಲ್ಲಿದೆ. ಸನ್ ತಮ್ಮ ಅತಿ ಪ್ರಸಿದ್ಧ ಹಾಡೊಂದರಲ್ಲಿ ಅವೇ ಎರಡು ಪದಗಳನ್ನು ಎತ್ತಿಕೊಂಡು ಮೂರನೆಯದನ್ನು ಸೇರಿಸುತ್ತಾರೆ. ಎರಡು ಹೆಗಲ ಮೇಲೆ ಸೂರ್ಯ ಚಂದ್ರರು ನೂರು ವರ್ಷ ಬೆಳಕು ಚೆಲ್ಲುತ್ತಾರೆ. ಆ ಬೆಳಕಿನಲ್ಲಿ ಕಾಣುವುದು ಹೋಗಿ ಮರಳುವ ಒಂದು ಲೋಕ. ಮರಳುವುದು ಎಂಬುದಕ್ಕೆ ಅವರ ಪದ ‘ವೇ’. ಸೈಗಾನಿನವರ ಬಾಯಲ್ಲಿ ಅದು ‘ಯೇ’ ಆಗುತ್ತದೆ. ಕಚೇರಿಯಿಂದ ಮನೆಗೆ ಬರುವುದೂ ವೇ, ಹಬ್ಬಕ್ಕೆ ಊರಿಗೆ ಹೋಗುವುದೂ ವೇ. ಒಬ್ಬರು ತೀರಿಕೊಂಡರೆ ಅಜ್ಜ ಅಜ್ಜಿಯರ ಬಳಿಗೆ ‘ವೇ’ ಎನ್ನುತ್ತಾರೆ. ಹೋದರು ಎನ್ನುವುದಿಲ್ಲ, ಮರಳಿದರು ಎನ್ನುತ್ತಾರೆ.

ಬುದ್ಧನ ಅನಿತ್ಯ, ಪೂರ್ವಜರ ಪೀಠ, ಹಳೆಯ ಕಾವ್ಯ ಮೂರೂ ಈ ಒಂದು ಅಕ್ಷರದಲ್ಲಿ ಬಂದು ಕೂರುತ್ತವೆ. ಸನ್ ಧರ್ಮದ ಹಾಡು ಬರೆಯಲಿಲ್ಲ; ಅವರ ಹೆಚ್ಚಿನ ಹಾಡುಗಳು ಮಳೆ, ಹುಡುಗಿ, ಸಂಜೆ. ಆದರೆ ಅವರ ಭಾಷೆಯೇ ಮನೆಯೊಳಗಿನ ಆ ಪೀಠದ ಮುಂದೆ ಕಲಿತದ್ದು. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೇನೆ: ಧರ್ಮವನ್ನು ದೇವಾಲಯದಲ್ಲಿ ಹುಡುಕಬೇಡಿ, ಮನೆಯಲ್ಲಿ ಹುಡುಕಿ.

ಹಾಡು ಕಥೆಗಳು ಧರ್ಮದಿಂದ ಪಡೆದದ್ದನ್ನೇ ಹೇಳಿದೆ. ತಿರುಗಿ ಕೊಟ್ಟದ್ದೂ ಇದೆ. ಏಳನೆಯ ತಿಂಗಳ ಹುಣ್ಣಿಮೆಗೆ ‘ವೂ ಲಾನ್’ ಎನ್ನುತ್ತಾರೆ. ಉಲ್ಲಂಬನ ಎಂಬ ನಮ್ಮ ಕಡೆಯ ಪದವೇ ಚೀನಾ ದಾಟಿ ಹಾಗಾಗಿದೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಯನ್ನು ಬಿಡಿಸಿದ ಕಥೆ ಅದರ ಹಿಂದಿದೆ. 1962ರಲ್ಲಿ ಹುಯೆ ಮೂಲದ ಭಿಕ್ಷು ಥಿಕ್ ನ್ಯಾತ್ ಹಾನ್ ತಾಯಿಯ ಬಗ್ಗೆ ಒಂದು ಸಣ್ಣ ಗದ್ಯ ಬರೆದರು. ಜಪಾನಿನ ಬೀದಿಯಲ್ಲಿ ಯಾರೋ ಅವರ ನಿಲುವಂಗಿಗೆ ಬಿಳಿ ಹೂವೊಂದನ್ನು ಸಿಕ್ಕಿಸಿದ್ದರು. ತಾಯಂದಿರ ದಿನ ಅದು. ತಾಯಿ ಇಲ್ಲದವರಿಗೆ ಬಿಳಿ ಹೂವು. ಅದನ್ನು ತಮ್ಮ ಜನರಿಗೂ ಕೊಡೋಣ ಎಂದು ಬರೆದರು: ತಾಯಿ ಇರುವವರು ಕೆಂಪು ಗುಲಾಬಿ ಮುಡಿಯಲಿ, ಇಲ್ಲದವರು ಬಿಳಿ ಗುಲಾಬಿ. ಫಾಮ್ ತೆ ಮೀ ಎಂಬ ಸಂಗೀತಗಾರರು ಅದನ್ನು ಹಾಡು ಮಾಡಿದರು. ಇಂದು ವೂ ಲಾನ್ ದಿನ ಅಲ್ಲಿನ ದೇವಾಲಯಗಳಲ್ಲಿ ಗುಲಾಬಿ ಸಿಕ್ಕಿಸುವುದು ಆಚರಣೆಯೇ ಆಗಿಹೋಗಿದೆ. ಅಲ್ಲಿ ನನಗೆ ಹೂವು ಸಿಕ್ಕಿಸಲು ಬಂದ ಹುಡುಗಿ ಎರಡು ಬುಟ್ಟಿ ಹಿಡಿದಿದ್ದಳು. ಭಾಷೆ ಬಾರದ ನಾನು ಬಿಳಿಯದರತ್ತ ಬೆರಳು ತೋರಿಸಬೇಕಾಯಿತು. ಆ ಒಂದು ಬೆರಳು ಎತ್ತಲು ಎಷ್ಟು ಹೊತ್ತು ಹಿಡಿಯಿತೆಂದರೆ, ಅವಳು ತಾನೇ ಅರ್ಥಮಾಡಿಕೊಂಡು ಬಿಳಿ ಹೂವು ಸಿಕ್ಕಿಸಿ ತಲೆಬಾಗಿದಳು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ನನ್ನ ಚೀಟಿಯಲ್ಲಿ ಇನ್ನೂ ಐದು ಹೆಸರುಗಳಿವೆ.

ನುಯೆನ್ ಹುಯ್ ತಿಯೆಪ್ ಅವರ 1987ರ ‘ನಿವೃತ್ತ ಸೇನಾಧಿಪತಿ’ ಕಥೆಯನ್ನು ಬಿಡಲಾರೆ. ಅಜ್ಜಿ ಸತ್ತಾಗ ಬಾಯೊಳಗೆ ನಾಣ್ಯ ಇಡುತ್ತಾರೆ, ಆಚೆ ದಡಕ್ಕೆ ದೋಣಿ ಬಾಡಿಗೆ. ಸತ್ತ ಮೇಲೂ ದೋಣಿಗೆ ದುಡ್ಡು ಕೊಡಬೇಕೆ ಎಂದು ಮೊಮ್ಮಗಳು ಕೇಳುತ್ತಾಳೆ. ಅಪ್ಪನ ಬಳಿ ಉತ್ತರವಿಲ್ಲ. ಪೀಠ ಮನೆಯಲ್ಲಿದೆ, ಅದರ ಅರ್ಥ ಮಾತ್ರ ಮನೆ ಬಿಟ್ಟು ಹೋಗಿದೆ. ಹಣ ಒಳಗೆ ಬಂದು ಕೂತಿದೆ. ಕನ್‌ಫ್ಯೂಷಿಯಸ್ ಕಟ್ಟಿಕೊಟ್ಟ ಕುಟುಂಬದ ಬಗ್ಗೆ ಇಷ್ಟು ನೋವಿನಿಂದ ಬರೆದ ಕಥೆ ನಾನು ಬೇರೆ ಓದಿಲ್ಲ.

ನುಯೆನ್ ಸುವಾನ್ ಖಾನ್ ಅವರ 2006ರ ಕಾದಂಬರಿ ‘ಕಾಡಿನ ತಾಯಿ’ ಮಾತೃದೇವತೆಗಳ ಆರಾಧನೆಯದು. ಮೈಮೇಲೆ ಬರುವ ಆ ಆಚರಣೆ, ಅದರ ಹಾಡು, ಕುಣಿತ ಎಲ್ಲವನ್ನೂ 2016ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಕಾದಂಬರಿಕಾರರು ಹತ್ತು ವರ್ಷ ಮೊದಲೇ ಸೇರಿಸಿದ್ದರು. ಬೌದ್ಧ ದೇವಾಲಯದ ಬದುಕಿನ ಬಗ್ಗೆ 2011ರಲ್ಲಿ ಇನ್ನೊಂದು ಬರೆದರು. ದೆಹಲಿಯಲ್ಲಿ ವರ್ಷಗಟ್ಟಲೆ ಇದ್ದ ಹೋ ಆನ್ ಥಾಯ್ ಬುದ್ಧನನ್ನೂ ಸಾವಿತ್ರಿಯನ್ನೂ ಒಂದೇ ಕಾದಂಬರಿಗೆ ತಂದರು. ಅದಕ್ಕೆ ಬೇರೆಯದೇ ಒಂದು ಸಂಜೆ ಬೇಕು, ದಯವಿಟ್ಟು ಕರೆಯಿರಿ.

ಕ್ರೈಸ್ತರನ್ನು ಮರೆತೆ ಎನ್ನಬೇಡಿ. ಇಂದು ವಿಯೆಟ್ನಾಮಿನ ಪ್ರತಿ ಕಥೆ, ಪ್ರತಿ ಹಾಡು ಬರೆಯುವುದು ರೋಮನ್ ಲಿಪಿಯಲ್ಲಿ. ಅದನ್ನು ರೂಪಿಸಿದವರು ಪಾದ್ರಿಗಳು. 1651ರಲ್ಲಿ ಅಲೆಕ್ಸಾಂದ್ರ್ ದ ರೋಡ್ ಅವರ ನಿಘಂಟು ರೋಮ್‌ನಲ್ಲಿ ಅಚ್ಚಾಯಿತು. ಆ ಲಿಪಿಯಲ್ಲಿ ಪಾಶ್ಚಾತ್ಯ ಮಾದರಿಯ ಮೊದಲ ಕಥನ 1887ರಲ್ಲಿ ಸೈಗಾನಿನಲ್ಲಿ ಬಂದಾಗ ಅದು ಒಬ್ಬ ಕ್ಯಾಥೊಲಿಕ್ ಸಾಧಕನ ಪಾಪನಿವೇದನೆಯ ಕಥೆಯಾಗಿತ್ತು. ಇನ್ನು 1926ರಲ್ಲಿ ಸ್ಥಾಪನೆಯಾದ, ಹಲವು ಧರ್ಮಗಳನ್ನು ಒಂದಾಗಿಸುವ ಕಾವ್ ದಾಯ್ ಪಂಥದ ತಾಯ್ ನಿನ್ ದೇವಾಲಯಕ್ಕೆ ಹೋದರೆ ಗೋಡೆಯ ಮೇಲೆ ವಿಕ್ತರ್ ಹ್ಯೂಗೊ ಸಂತನಾಗಿ ನಿಂತಿದ್ದಾನೆ. ಕಾದಂಬರಿಕಾರನಿಗೆ ಕೈಮುಗಿಯುವ ನಾಡು! ನಮ್ಮಂಥ ಓದುಗರಿಗೆ ಆ ಬಾಗಿಲಲ್ಲಿ ಎಷ್ಟು ಸಂತೋಷವಾಗುತ್ತದೆ ಎಂದು ಹೋಗಿ ನೋಡಿಯೇ ತಿಳಿಯಬೇಕು.

ಮುಗಿಸುತ್ತೇನೆ. ಸನ್ 2001ರ ಏಪ್ರಿಲ್ 1ರಂದು ತೀರಿಕೊಂಡರು. ದಾರಿಯುದ್ದಕ್ಕೂ ಜನ ನಿಂತಿದ್ದರು. ಅವರ ಸಮಾಧಿ ತಾಯಿಯ ಸಮಾಧಿಯ ಹತ್ತಿರವೇ ಇದೆ. ಈಗ ಅವರ ಇನ್ನೊಂದು ಹಾಡನ್ನು ಹಾಕಲು ಹೇಳಿದ್ದೇನೆ. ಹಕ್ಕಿಗೆ ಬಿದಿರ ಕೊಂಬೆಯಲ್ಲಿ ಬಿಡಾರ, ಮೀನಿಗೆ ತೊರೆಯ ಸಂದಿಯಲ್ಲಿ ಬಿಡಾರ, ನನಗೆ ಈ ಲೋಕದಲ್ಲಿ ಎಂದು ಸಾಗುವ ಹಾಡು. ಆರು ಅಕ್ಷರದ ಒಂದು ಸಾಲು, ಎಂಟರ ಇನ್ನೊಂದು: ಕಿಯೆವ್ ಕಾವ್ಯದ ಛಂದಸ್ಸು ಅದೇ, ಅಲ್ಲಿನ ಅಮ್ಮಂದಿರ ಜೋಗುಳದ್ದೂ ಅದೇ. ಭಾಷೆ ತಿಳಿಯದಿದ್ದರೂ ಪರವಾಗಿಲ್ಲ. ನಾಲ್ಕನೆಯ ಸಾಲಿಗೆ ಕಿವಿಗೊಡಿ. ‘ಚಾಮ್ ನಾಮ್’ ಎಂದು ಬಂದ ಕೂಡಲೇ ‘ವೇ’ ಬರುತ್ತದೆ. ಸರ್, ನೀವು ಸ್ವಲ್ಪ ಮುಂದೆ ಬಂದು ಕೂತುಕೊಳ್ಳಿ, ಧ್ವನಿವರ್ಧಕ ಈ ಕಡೆ ಇದೆ.