ಬಿಸಿ ಜಾಬ್ ಅಳೆಯಬೇಡಿ

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಜಾಸ್ತಿ ಜನ ಐಟಿಐ ಮುಗಿಸಿ ಇಲ್ಲೇ ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕೆ ಸೇರುವವರು. ಅದಕ್ಕೇ ಜಾಬ್‌ನ, ಅಂದರೆ ಮಷಿನ್ ಮೇಲೆ ಮಾಡುವ ಬಿಡಿಭಾಗದ, ದಪ್ಪ ಅಳೆಯುವ ಮೈಕ್ರೋಮೀಟರ್ ತಂದಿದ್ದೇನೆ.

ಇದರ ಒಳಗಿರುವುದು ಒಂದು ಸ್ಕ್ರೂ, ಅಷ್ಟೇ. ಪಿಚ್ 0.5 ಮಿ.ಮೀ. ಅಂದರೆ ಕೈಯಲ್ಲಿ ತಿರುಗಿಸುವ ಈ ಥಿಂಬಲ್ ಪೂರ್ತಿ ಒಂದು ಸುತ್ತು ತಿರುಗಿದರೆ, ಜಾಬ್‌ಗೆ ತಾಗುವ ಕಡ್ಡಿ, ಅಂದರೆ ಸ್ಪಿಂಡಲ್, ಅರ್ಧ ಮಿಲಿಮೀಟರ್ ಮುಂದೆ ಹೋಗುತ್ತದೆ. ಥಿಂಬಲ್ ಮೇಲೆ 50 ಗೆರೆ. ಒಂದು ಗೆರೆಗೆ 0.01 ಮಿ.ಮೀ. ಈಗ ಥಿಂಬಲ್‌ನ ಸುತ್ತಳತೆ ನೋಡಿ, 50 ಮಿ.ಮೀ. ಆಸುಪಾಸು ಇದೆ. ಅರ್ಧ ಮಿಲಿಮೀಟರ್ ಚಲನೆ ಐವತ್ತು ಮಿಲಿಮೀಟರ್ ಆಗಿ ಹಿಗ್ಗಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಲೆನ್ಸ್ ಇಲ್ಲ, ಕರೆಂಟ್ ಇಲ್ಲ, ನೂರು ಪಟ್ಟು ದೊಡ್ಡದು! 1848ರಲ್ಲಿ ಪ್ಯಾರಿಸ್‌ನ ಪಾಮರ್ ಇಂಥದ್ದಕ್ಕೆ ಪೇಟೆಂಟ್ ಪಡೆದರು. ನನಗೆ ಇವತ್ತಿಗೂ ಇದನ್ನು ನೋಡಿದರೆ ಸಂತೋಷ ಆಗುತ್ತದೆ.

ಜಾರುವ ಪಟ್ಟಿಯಿಂದ ಅಳೆಯುವ ವರ್ನಿಯರ್ ಕ್ಯಾಲಿಪರ್‌ನ ದಾರಿಯೇ ಬೇರೆ. ಅಲ್ಲಿ ಜಾರುವ ಪಟ್ಟಿಯ ಮೇಲೆ 49 ಮಿ.ಮೀ. ಜಾಗವನ್ನು 50 ಭಾಗ ಮಾಡಿರುತ್ತಾರೆ. ಅದರ ಯಾವ ಗೆರೆ ಮುಖ್ಯ ಪಟ್ಟಿಯ ಗೆರೆಗೆ ಸರಿಯಾಗಿ ಕೂತಿದೆ ಅಂತ ನೋಡಿದರೆ 0.02 ಮಿ.ಮೀ. ತನಕ ಗೊತ್ತಾಗುತ್ತದೆ.

ಮೈಕ್ರೋಮೀಟರ್‌ನ ತುದಿಯಲ್ಲಿ ಕಟಕಟ ಅನ್ನುತ್ತದಲ್ವಾ, ಅದು ರ್‍ಯಾಚೆಟ್. ಎಷ್ಟೇ ಗಟ್ಟಿ ಕೈಯವರು ತಿರುಗಿಸಿದರೂ ಜಾಬ್ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರಬೇಕು ಅಂತ ಅದನ್ನು ಇಟ್ಟಿದ್ದಾರೆ. ಥಿಂಬಲ್ ಹಿಡಿದು ಬಿಗಿದರೆ ಫ್ರೇಮೇ ಸ್ವಲ್ಪ ಬಾಗುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. ಇದನ್ನು ಸಿ-ಕ್ಲ್ಯಾಂಪ್ ಥರ ಬಿಗಿಯುವವರನ್ನು ನೋಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. 50 ಮಿ.ಮೀ. ದಪ್ಪದ ಸ್ಟೀಲ್ ಶಾಫ್ಟ್‌ಗಳು, ಲೇತ್‌ನಿಂದ (ಲೋಹವನ್ನು ತಿರುಗಿಸಿ ಕೆತ್ತುವ ಮಷಿನ್) ಇಳಿಸಿದ ಕೂಡಲೇ ಅಳೆದೆ. ಸೈಜ್ ಸರಿಯಾಗಿತ್ತು. ಬೆಳಿಗ್ಗೆ ಇನ್‌ಸ್ಪೆಕ್ಷನ್‌ನಲ್ಲಿ ಎಲ್ಲವೂ ಅಂಡರ್‌ಸೈಜ್! ಪಕ್ಕದ ಲೇತ್‌ನ ಕಾಕಾ ನನ್ನ ಕೈ ಹಿಡಿದು ಆಗಷ್ಟೇ ಇಳಿಸಿದ ಜಾಬ್ ಮೇಲೆ ಇಟ್ಟರು. "ಸುಡ್ತದೇನು? ಮತ್ತ ಯಾಕ ಅಳದಿ?" ಅಂದರು.

ಲೆಕ್ಕ ಹೀಗಿದೆ. ಒಂದು ಮೀಟರ್ ಸ್ಟೀಲ್ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 0.001 ಮಿ.ಮೀ.) ಹಿಗ್ಗುತ್ತದೆ. ಜಾಬ್ 65 ಡಿಗ್ರಿ, ಶಾಪ್ 30 ಡಿಗ್ರಿ ಇದ್ದರೆ 50 ಮಿ.ಮೀ. ಶಾಫ್ಟ್‌ನಲ್ಲಿ 0.02 ಮಿ.ಮೀ. ವ್ಯತ್ಯಾಸ. ಬೇರಿಂಗ್ ಕೂರುವ ಜಾಗದಲ್ಲಿ ಅಷ್ಟು ಹೋದರೆ ಜಾಬ್ ಹೋದ ಹಾಗೆಯೇ. ಅಲ್ಯುಮಿನಿಯಂ ಆದರೆ ಇದರ ಎರಡು ಪಟ್ಟು. ಡ್ರಾಯಿಂಗ್‌ನಲ್ಲಿರುವ ಅಳತೆ 20 ಡಿಗ್ರಿಯಲ್ಲಿ ಅಂತ ಜಗತ್ತಿನಲ್ಲೆಲ್ಲ ಒಪ್ಪಿಕೊಂಡಿದ್ದಾರೆ. ನಮ್ಮ ಏಪ್ರಿಲ್ ಮಧ್ಯಾಹ್ನ ಎಲ್ಲಿ, 20 ಡಿಗ್ರಿ ಎಲ್ಲಿ? ಅದಕ್ಕೇ ಜಾಬ್, ಮೈಕ್ರೋಮೀಟರ್ ಎರಡನ್ನೂ ಒಂದೇ ಟೇಬಲ್ ಮೇಲೆ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಮೈಕ್ರೋಮೀಟರ್ ಮುಚ್ಚಿದಾಗ ಸೊನ್ನೆ ತೋರಿಸುತ್ತದೆಯೇ ನೋಡಿ, ಆಮೇಲೆ ಅಳೆಯಿರಿ.

ಈ ಥರ್ಮಾಸ್‌ನ ಬಿಸಿ ನೀರಿನಲ್ಲಿ ಒಂದು ಸ್ಟೀಲ್ ಪಿನ್ ಹಾಕಿ ತಂದಿದ್ದೇನೆ. ಇಬ್ಬರು ಮುಂದೆ ಬನ್ನಿ. ಈಗಲೇ ಒರೆಸಿ ಅಳೆದು ಬೋರ್ಡ್ ಮೇಲೆ ಬರೆಯಿರಿ. ಚಹಾ ಕುಡಿದು ಬಂದ ಮೇಲೆ ಅದನ್ನೇ ಮತ್ತೆ ಅಳೆಯೋಣ.